ನಾರ್ಮಲ್ ರಿಪೋರ್ಟ್ ಬಂದ ಮೇಲೆ ಕಂಡ ಗಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳಿ. ರಿಪೋರ್ಟ್ ನಾರ್ಮಲ್ ಬಂತು. ಮುಂದಿನ ತಪಾಸಣೆಗೆ ಇನ್ನೂ ಸಮಯ ಇದೆ. ಅಷ್ಟರಲ್ಲಿ ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಗುತ್ತದೆ. ಏನು ಮಾಡುತ್ತೀರಿ?

ಎಷ್ಟೋ ಹೆಂಗಸರು ಬೀರುವಿನಿಂದ ಆ ಹಳೇ ರಿಪೋರ್ಟ್ ತೆಗೆದು ನೋಡುತ್ತಾರೆ. ನಾರ್ಮಲ್ ಅಂತ ಬರೆದಿದ್ದಾರಲ್ವಾ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಮಂಡ್ಯದ ಕಡೆ ಕಬ್ಬಿನ ಕಟಾವು ಮುಗಿಯಲಿ ಅನ್ನುತ್ತಾರೆ. ಮೈಸೂರಿನವರು ದಸರಾಕ್ಕೆ ಬಂದ ನೆಂಟರು ಹೊರಡಲಿ ಅನ್ನುತ್ತಾರೆ. ನೋವಂತೂ ಇಲ್ಲ, ಅದೊಂದು ಧೈರ್ಯ. ಆದರೆ ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹೋದ ವರ್ಷದ ರಿಪೋರ್ಟ್ ಹೋದ ವರ್ಷದ್ದು. ಇವತ್ತಿನ ಗಂಟಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎರಡು ತಪಾಸಣೆಗಳ ನಡುವೆ ಪತ್ತೆಯಾಗುವ ಇಂಥ ಕಾಯಿಲೆಗೆ ಡಾಕ್ಟರುಗಳು ಇಂಟರ್ವಲ್ ಕ್ಯಾನ್ಸರ್ ಅನ್ನುತ್ತಾರೆ. ಇದೇನೂ ಅಪರೂಪವಲ್ಲ. 50 ದಾಟಿದ ಹೆಂಗಸರನ್ನು ಬ್ರಿಟನ್ನಿನಲ್ಲಿ 3 ವರ್ಷಕ್ಕೊಮ್ಮೆ, ನೆದರ್ಲೆಂಡ್ಸ್‌ನಲ್ಲಿ 2 ವರ್ಷಕ್ಕೊಮ್ಮೆ ಕಾಗದ ಕಳಿಸಿ ಕರೆಸಿ ಮ್ಯಾಮೋಗ್ರಾಂ ಮಾಡುತ್ತಾರೆ. ಅಷ್ಟು ಅಚ್ಚುಕಟ್ಟಾಗಿ ನಡೆಯುವ ಕಡೆಯಲ್ಲೂ, ತಪಾಸಣೆಗೆ ಬರುವವರಲ್ಲಿ ಸಿಗುವ ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೀಗೆ ನಡುವೆಯೇ ಕಾಣಿಸಿಕೊಳ್ಳುತ್ತದೆ.

ಹೀಗಾಗುವುದಕ್ಕೆ ಮೂರು ಕಾರಣ. ಕೆಲವು ಕ್ಯಾನ್ಸರುಗಳು ಬಹಳ ಬೇಗ ಬೆಳೆಯುತ್ತವೆ. ಚಿತ್ರ ತೆಗೆದ ದಿನ ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ, ನಿಜವಾಗಿಯೂ ಇರಲಿಲ್ಲ. ಇನ್ನು ಕೆಲವು ಸಲ ಸಣ್ಣ ಗುರುತು ಇದ್ದೂ ಕಣ್ಣು ತಪ್ಪಿರುತ್ತದೆ. ಮೂರನೆಯ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ತನದಲ್ಲಿ ಕೊಬ್ಬೂ ಇರುತ್ತದೆ, ಹಾಲಿನ ಗ್ರಂಥಿ ಮತ್ತು ನಾರೂ ಇರುತ್ತದೆ. ಮ್ಯಾಮೋಗ್ರಾಂನಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರಿನ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಅಕ್ಕಿಯಲ್ಲಿ ಕರಿ ಕಲ್ಲನ್ನು ಯಾರು ಬೇಕಾದರೂ ಆರಿಸುತ್ತಾರೆ, ಬಿಳಿ ಕಲ್ಲು ಎಷ್ಟು ಹುಷಾರಾಗಿ ನೋಡಿದರೂ ಅನ್ನದಲ್ಲಿ ಹಲ್ಲಿಗೆ ಸಿಗುತ್ತದೆ, ಅಲ್ವಾ? ಗ್ರಂಥಿ ಜಾಸ್ತಿ ಇರುವ, ಅಂದರೆ ದಟ್ಟವಾದ ಸ್ತನದಲ್ಲಿ ಹೀಗೇ ಆಗುತ್ತದೆ. ವಯಸ್ಸು ಕಡಿಮೆ ಇದ್ದಷ್ಟೂ ಈ ದಟ್ಟತನ ಹೆಚ್ಚು. ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬರುತ್ತಿದೆ. ಹಾಗಾಗಿ ಇದು ನಮಗೆ ದೂರದ ಮಾತಲ್ಲ.

ತುಂಬಾ ದಟ್ಟವಾದ ಸ್ತನ ಇರುವ, ಮ್ಯಾಮೋಗ್ರಾಂ ನಾರ್ಮಲ್ ಬಂದ ಹೆಂಗಸರಿಗೆ ಎಂಆರ್‌ಐ ಸ್ಕ್ಯಾನ್ ಕೂಡ ಮಾಡಿದರೆ ಹೇಗೆ ಎಂದು ನೆದರ್ಲೆಂಡ್ಸ್‌ನವರು ಪರೀಕ್ಷಿಸಿ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಬರೀ ಮ್ಯಾಮೋಗ್ರಾಂ ಆದವರಲ್ಲಿ 1000ಕ್ಕೆ 5 ಇಂಟರ್ವಲ್ ಕ್ಯಾನ್ಸರ್. ಎಂಆರ್‌ಐಗೂ ಕರೆದ ಗುಂಪಿನಲ್ಲಿ ಅದರ ಅರ್ಧ. ಎಲ್ಲರಿಗೂ ಎಂಆರ್‌ಐ ಮಾಡಿಸಲು ಆಗುವುದಿಲ್ಲ. ದುಬಾರಿ, ಸುಮ್ನೆ ಗಾಬರಿ ಹುಟ್ಟಿಸುವ ರಿಪೋರ್ಟುಗಳೂ ಬರುತ್ತವೆ. ಆದರೆ ದಟ್ಟತನ ಎಷ್ಟಿದೆ ಎಂದು ತಿಳಿಸುವುದಕ್ಕೆ ಖರ್ಚೇನಿದೆ? ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಅದನ್ನು ಹೆಂಗಸರಿಗೆ ತಿಳಿಸಲೇಬೇಕೆಂಬ ನಿಯಮ ಇದೆ. ನಮ್ಮಲ್ಲೂ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಬೇಕು. ನಿಮ್ಮ ಸ್ತನ ದಟ್ಟವಾಗಿದೆ, ಗಂಟು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ ಎಂದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿಯವರೆಗೆ ನೀವೇ ಕೇಳಿ. ರಿಪೋರ್ಟಿನಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳಲ್ಲಿ ಒಂದನ್ನು ಬರೆಯುವ ರೂಢಿ ಇದೆ. ಸಿ ಅಥವಾ ಡಿ ಇದ್ದರೆ ದಟ್ಟ ಎಂದರ್ಥ.

ಹಾಗಾದರೆ ಮ್ಯಾಮೋಗ್ರಾಂ ಯಾಕೆ ಬೇಕು ಅನ್ನಬೇಡಿ. ಕೈಗೆ ಸಿಗದಷ್ಟು ಸಣ್ಣ ಗಡ್ಡೆಯನ್ನು ಅದು ಹಿಡಿಯುತ್ತದೆ, ಜೀವ ಉಳಿಸುತ್ತದೆ. ಮಾಡಿಸಿ. ನಡುವಿನ ದಿನಗಳಲ್ಲಿ ಮೈಮರೆಯಬೇಡಿ, ಅಷ್ಟೇ. ಗಂಟು ಮಾತ್ರವಲ್ಲ. ಚರ್ಮ ಗುಳಿ ಬೀಳುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ, ಇವು ಹೊಸದಾಗಿ ಕಂಡರೂ ತೋರಿಸಬೇಕು.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಸರ್ಜರಿ ವಿಭಾಗಕ್ಕೆ ಹೋಗಿ. ಹಳೇ ಫಿಲಂ ಇದ್ದರೆ ಜೊತೆಗೆ ಒಯ್ಯಿರಿ, ಹೋಲಿಸಿ ನೋಡಲು ಬೇಕಾಗುತ್ತದೆ. ಇದು ಚೆಕಪ್ ಅಲ್ಲ, ಹೊಸ ಗಂಟು ಬಂದಿದೆ ಎಂದು ಮೊದಲೇ ಹೇಳಿ. ಡಾಕ್ಟರು ಕೈಯಿಂದ ಪರೀಕ್ಷೆ ಮಾಡುತ್ತಾರೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ, ಬೇಕಿದ್ದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ ಅನ್ನುವವರ ಮಾತು ಕೇಳಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಹೋದ ವರ್ಷ ನಾರ್ಮಲ್ ಇತ್ತು, ಬಿಡಿ ಎಂದು ಯಾರಾದರೂ ವಾಪಸ್ ಕಳಿಸಿದರೆ, ಹಾಗೇ ಎದ್ದು ಬರಬೇಡಿ. ಅಲ್ಟ್ರಾಸೌಂಡ್ ಬರೆದುಕೊಡಿ ಎಂದು ಕೇಳಿ. ಹೊರಡುವಾಗ ರೇಷನ್ ಕಾರ್ಡು, ಆಧಾರ್ ಚೀಲದಲ್ಲಿರಲಿ. ಚಿಕಿತ್ಸೆ ಬೇಕೆಂದಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಕ್ಯಾನ್ಸರಿಗೂ ಇದೆ.

ನಮಸ್ಕಾರ.