ಕೆಜಿ ಆಮೇಲೆ ಕೇಳಿ, ಮೊದಲು ಬೆರಳಿಗೆ ಸುತ್ತಿ ನೋಡಿ

ಗೋವಾದಲ್ಲಿರುವ ನನ್ನ ಕನ್ನಡದ ಕೇಳುಗರಿಗೆಲ್ಲ ನಮಸ್ಕಾರ.

ನಾನು ಕುಮಟಾ ಕಡೆಯವನು. ವಾಸ್ಕೋದಲ್ಲಿ ಗಾಳದ ಸಾಮಾನು ಮಾರಲು ಶುರು ಮಾಡಿ 28 ವರ್ಷ ಆಯಿತು. ಭಾನುವಾರ ಬೆಳಿಗ್ಗೆ ಬೈನಾ, ಬೋಗ್ಮಾಳೋ, ಕುಠ್ಠಾಳಿ ಕಡೆ ರಾಡು ಹಿಡಿದು ಹೊರಡುವ ನಮ್ಮವರು ಎಷ್ಟು ಜನ ಇದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಶನಿವಾರ ಸಂಜೆ ಅವರೆಲ್ಲ ನನ್ನ ಅಂಗಡಿ ಮುಂದೆ ನಿಂತಿರುತ್ತಾರೆ. ಬಂದರಿನಲ್ಲಿ ದುಡಿಯುವವರು, ಲಾರಿ ಓಡಿಸುವವರು, ಗೌಂಡಿಗಳು, ಬ್ಯಾಂಕಿನವರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. “ಈ ದಾರ ಎಷ್ಟು ಕೆಜಿ ತಡೆಯುತ್ತೆ?”

ಇವತ್ತು ನಾನು ಹೇಳುವುದೂ ಒಂದೇ ಮಾತು. ಕೆಜಿ ಆಮೇಲೆ ಕೇಳಿ. ಮೊದಲು ದಾರವನ್ನು ಬೆರಳಿಗೆ ಸುತ್ತಿ ನೋಡಿ. ಮೆತ್ತಗಿದೆಯಾ? ಬಗ್ಗುತ್ತಾ? ಅಷ್ಟೇ.

ನಮ್ಮ ಕರಾವಳಿಯಲ್ಲಿ ತಂಗೂಸು ಅಂತ ಕರೆಯುತ್ತೇವಲ್ಲ, ಅದೇ ಈ ದಾರ. ಮಾನೋಫಿಲಮೆಂಟ್ ಅಂತ ರೋಲಿನ ಮೇಲೆ ಬರೆದಿರುತ್ತದೆ. ಹೆಸರು ಕೇಳಿ ಹೆದರಬೇಡಿ. ಹೆಣೆದ ದಾರ ಅಲ್ಲ, ಒಂದೇ ಎಳೆ ಅಂತ ಅರ್ಥ. ಇದನ್ನು ಮಾಡುವ ರೀತಿ ನಿಮ್ಮ ಮನೆಯ ಶಾವಿಗೆ ಒರಳಿನ ಹಾಗೇ. ಕರಗಿಸಿದ ನೈಲಾನನ್ನು ಸಣ್ಣ ತೂತಿನಿಂದ ಒತ್ತುತ್ತಾರೆ, ತಣಿಸುತ್ತಾರೆ, ಆಮೇಲೆ ಹಲವು ಪಟ್ಟು ಉದ್ದಕ್ಕೆ ಎಳೆಯುತ್ತಾರೆ. ಎಳೆದಷ್ಟೂ ಗಟ್ಟಿ. ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ. ವ್ಯಾಲೇಸ್ ಕರೋದರ್ಸ್ ಅನ್ನುವ ರಸಾಯನ ವಿಜ್ಞಾನಿಯ ತಂಡದ ಕೆಲಸ ಅದು. ಮಾರುಕಟ್ಟೆಗೆ ಅದು ಮೊದಲು ಬಂದದ್ದು ಗಾಳದ ದಾರವಾಗಿ ಅಲ್ಲ. 1938ರಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ. ಬ್ರಷ್ಷಿನ ಕೂದಲು ಸೆಟೆದು ನಿಲ್ಲಬೇಕು, ಗಾಳದ ದಾರ ಹೇಳಿದಂತೆ ಮಲಗಬೇಕು. ಪೇಟೆಯಲ್ಲಿ ಸಿಗುವ ಕೆಲವು ಅಗ್ಗದ ರೋಲು ನೋಡಿದರೆ ಇನ್ನೂ ಬ್ರಷ್ಷಿನ ಕೂದಲನ್ನೇ ಮಾರುತ್ತಿದ್ದಾರೆ ಅನ್ನಿಸುತ್ತದೆ.

ನೈಲಾನಿಗೆ ಒಂದು ಕೆಟ್ಟ ಚಾಳಿ ಇದೆ. ರೋಲಿನಲ್ಲಿ ತಿಂಗಳುಗಟ್ಟಲೆ ಸುರುಳಿ ಸುತ್ತಿಕೊಂಡು ಕೂತರೆ, ಹೊರಗೆ ಬಂದ ಮೇಲೂ ಸುರುಳಿಯಾಗಿಯೇ ಇರಲು ನೋಡುತ್ತದೆ. ಬಿರುಸಾದ ದಾರದಲ್ಲಿ ಈ ಚಾಳಿ ಜಾಸ್ತಿ, ಮೆತ್ತನೆಯದರಲ್ಲಿ ಕಡಿಮೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಒಬ್ಬ ಗೌಂಡಿಯಿಂದ ಕಲಿತೆ. ಆ ಕಥೆ ಹೇಳಲೇಬೇಕು.

ಅಂಗಡಿ ಹಾಕಿದ ಹೊಸತು. ನನಗೂ ಆಗ ಕೆಜಿ ಹುಚ್ಚು. ದೊಡ್ಡ ಅಕ್ಷರದಲ್ಲಿ 20 ಕೆಜಿ ಅಂತ ಬರೆದಿದ್ದ ದಪ್ಪ ದಾರ ತರಿಸಿ, ಬಂದವರಿಗೆಲ್ಲ ಅದನ್ನೇ ಹೊಗಳಿ ಮಾರುತ್ತಿದ್ದೆ. ಒಂದು ಶನಿವಾರ ಬಾದಾಮಿ ಕಡೆಯ ಗೌಂಡಿಯೊಬ್ಬರು ಬಂದರು. ಕೈಗೆಲ್ಲ ಸಿಮೆಂಟು. ಸಮುದ್ರ ನೋಡಿದ್ದೇ ಗೋವಾಕ್ಕೆ ಬಂದ ಮೇಲೆ. ಗಾಳ ಹಿಡಿದು ಆರು ತಿಂಗಳಾಗಿರಲಿಲ್ಲ. ನಾನು ನನ್ನ 20 ಕೆಜಿ ರೋಲು ಕೊಟ್ಟೆ. ಅವರು ಬೆಲೆ ಕೇಳಲಿಲ್ಲ, ಕೆಜಿ ಕೇಳಲಿಲ್ಲ. ಒಂದು ಮೊಳ ಬಿಚ್ಚಿ, ತುದಿ ಹಿಡಿದು ಸುಮ್ನೆ ಇಳಿಬಿಟ್ಟರು. ದಾರ ಕೆಳಗೆ ಬೀಳಲೇ ಇಲ್ಲ! ಹಂದಿಯ ಬಾಲದ ಹಾಗೆ ಸುತ್ತಿಕೊಂಡು ಗಾಳಿಯಲ್ಲಿ ನಿಂತಿತು. “ಇದು ದಾರ ಅಲ್ರೀ ಅಣ್ಣಾರ, ಸೈಕಲ್ ಬ್ರೇಕಿನ ತಂತಿ ಐತಿ” ಅಂದರು.

ಅವರದು ಓಳಂಬದ ಲೆಕ್ಕ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗುಂಡು ಕಟ್ಟಿ ದಾರ ಇಳಿಬಿಡುತ್ತಾರಲ್ಲ, ಅದು. ನೆಟ್ಟಗೆ ಇಳಿಯದ ದಾರವನ್ನು ಅವರು ಜನ್ಮದಲ್ಲಿ ಕೊಂಡವರಲ್ಲ. ಅಂಗಡಿಯಲ್ಲಿದ್ದ ರೋಲನ್ನೆಲ್ಲ ಹಾಗೇ ಇಳಿಬಿಟ್ಟು, ಎರಡು ಬೆರಳಿಗೆ ಸುತ್ತಿ ಬಿಟ್ಟು ನೋಡಿದರು. ಕೊನೆಗೆ ಮೂಲೆಯಲ್ಲಿದ್ದ 0.30 ಮಿಲಿಮೀಟರಿನ ಮೆತ್ತನೆಯ ದಾರ ಆರಿಸಿದರು. ನಾನು ಒಳಗೊಳಗೇ ನಕ್ಕೆ.

ಮರುದಿನ ಕುಠ್ಠಾಳಿಯ ಹಳೇ ಫೆರ್ರಿ ಕಟ್ಟೆಯಲ್ಲಿ ಇಬ್ಬರೂ ಎದುರುಬದುರಾದೆವು. ಜುವಾರಿಯಲ್ಲಿ ಭರತ ಏರುವ ಹೊತ್ತು. ನನ್ನ ಸಣ್ಣ ರೀಲಿನ ಮೇಲೆ ಆ 20 ಕೆಜಿ ದಾರ. ಮೊದಲ ಎಸೆತ ಇಪ್ಪತ್ತು ಮಾರು ಹೋಗಲಿಲ್ಲ. ಎರಡನೆಯದೂ ಹಾಗೇ. ಮೂರನೆಯ ಸಲ ರೋಷದಿಂದ ಬೀಸಿದೆ ನೋಡಿ, ಹತ್ತು ಸುರುಳಿ ಒಟ್ಟಿಗೆ ರೀಲಿನಿಂದ ಹಾರಿ ರಾಡಿನ ಮೊದಲ ಉಂಗುರಕ್ಕೆ ಸಿಕ್ಕಿಕೊಂಡವು. ಸೀಸದ ಗುಂಡು, ಗಾಳ, ಸಿಗಡಿ ಎಲ್ಲ ಕಿತ್ತುಕೊಂಡು ಹೊಳೆಗೆ. 20 ಕೆಜಿ ದಾರ ಕಾಲು ಕೆಜಿ ಇಲ್ಲದ ಗುಂಡಿಗೆ ತುಂಡಾಯಿತು! ಸೆಟೆದ ದಾರದಲ್ಲಿ ಗಂಟು ಸರಿಯಾಗಿ ಕೂರುವುದಿಲ್ಲ, ಅಲ್ಲೇ ಕಡಿದಿತ್ತು. ನಾನು ಮೆಟ್ಟಿಲ ಮೇಲೆ ಕೂತು ಗೋಜಲು ಬಿಡಿಸುತ್ತಿದ್ದೆ. ಪಕ್ಕದಲ್ಲಿ ಗೌಂಡಿಯವರ ರಾಡು ಬಗ್ಗಿತು. ಚೊಣಕ ಮೀನು. ನೀರಿನಿಂದ ಎರಡು ಸಲ ಮೇಲೆ ಹಾರಿ ತಲೆ ಕೊಡವಿತು. ದಾರ ರಬ್ಬರಿನ ಹಾಗೆ ಹಿಗ್ಗಿ ಆ ಏಟನ್ನೆಲ್ಲ ನುಂಗಿತು. ಕಾಲು ಗಂಟೆ ಆಡಿಸಿ ಎಳೆದರು. ಮನೆಯಲ್ಲಿ ತೂಗಿದರೆ 4 ಕೆಜಿ. ಅರ್ಧ ಮೀನು ನಮ್ಮ ಮನೆಗೇ ಕಳಿಸಿದರು. ಅದನ್ನು ತಿನ್ನುವಾಗ ನನಗಾದ ನಾಚಿಕೆ ಇರಲಿ ಬಿಡಿ.

ನನಗೆ ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಥೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ದಪ್ಪ ದಾರ ಯಾಕೆ ಬೇಡ? ಲೆಕ್ಕ ಕೇಳಿ. ಒಂದೇ ಜಾತಿಯ ದಾರದ ದಪ್ಪ 2 ಪಟ್ಟು ಆದರೆ ಅದು ತಡೆಯುವ ಭಾರ 4 ಪಟ್ಟು ಆಗುತ್ತದೆ. ಆದರೆ ಬಿರುಸು 16 ಪಟ್ಟು! 0.30 ಬಿಟ್ಟು 0.60 ಕೊಂಡರೆ ನೀವು ಕೊಂಡದ್ದು ಬಲ ಅಲ್ಲ, ಬಿರುಸು. ನಮ್ಮ ಸಣ್ಣ ರೀಲಿಗೆ 0.25ರಿಂದ 0.35 ಸಾಕು. ಅದರಲ್ಲೂ ಬೆರಳಿಗೆ ಸುತ್ತಿ ಬಿಟ್ಟಾಗ ಸುರುಳಿ ಸಡಿಲವಾಗಿ ಜಾರಿ ಇಳಿಯುವುದನ್ನೇ ಆರಿಸಿ.

“ಮೆತ್ತನೆಯ ದಾರ ಬೇಗ ಸವೆಯುತ್ತದಲ್ಲ?” ಅಂತ ಪ್ರತಿ ವಾರ ಯಾರಾದರೂ ಕೇಳುತ್ತಾರೆ. ಸವೆಯುತ್ತದೆ ಸ್ವಾಮಿ. ಕಟ್ಟೆಯ ಕಂಬಕ್ಕೆ ಅಂಟಿದ ಚಿಪ್ಪು ಬ್ಲೇಡಿನ ಹಾಗಿರುತ್ತದೆ. ಚೊಣಕದ ಕಿವಿರಿನ ಮುಚ್ಚಳದ ಅಂಚೂ ಹಾಗೇ. ಅದಕ್ಕೆ ಗಾಳದ ಹತ್ತಿರ ಎರಡು ಅಡಿ ದಪ್ಪ ದಾರದ ತುಂಡು ಕಟ್ಟಿ. ಎರಡು ಅಡಿಗೋಸ್ಕರ ಇಡೀ ರೀಲಿಗೆ ತಂತಿ ಸುತ್ತಬೇಕಾ?

ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ದಾರ ಎಳೆದರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ನೈಲಾನ್ ನೀರು ಕುಡಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಹಾಗಾಗಿ ಹೊರಡುವ ಮೊದಲು ರೀಲಿನ ದಾರವನ್ನು ಸ್ವಲ್ಪ ಹೊತ್ತು ನೆನೆಸಿಡಿ. ರೀಲಿಗೆ ಕಂಠಪೂರ್ತಿ ತುಂಬಬೇಡಿ, ಅಂಚಿನಿಂದ 3 ಮಿಲಿಮೀಟರ್ ಖಾಲಿ ಇರಲಿ.

ಬಿಸಿಲು ನೈಲಾನಿನ ವೈರಿ. ಅಂಗಡಿಯ ಮುಂದೆ ಬಿಸಿಲಿಗೆ ನೇತು ಹಾಕಿದ ರೋಲು ಕೊಳ್ಳಬೇಡಿ. ನನ್ನ ಅಂಗಡಿಯಲ್ಲಿ ನೇತಾಡುತ್ತಿದ್ದರೆ ನನ್ನಿಂದಲೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದಡದ ಗಾಳದವರ ಸುಗ್ಗಿ. ಆ ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ದಾರ ಬದಲಿಸಿ. ಹಳೆಯದನ್ನು ದಂಡೆಯಲ್ಲಿ ಬಿಸಾಡಬೇಡಿ. ಮೊರ್ಜಿ, ಗಾಲ್ಜಿಬಾಗ್ ದಂಡೆಗಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ, ಅವುಗಳ ಕಾಲಿಗೆ ಈ ದಾರ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಮನೆಗೆ ತನ್ನಿ.

ನನ್ನ ಆ 20 ಕೆಜಿ ರೋಲು ಇನ್ನೂ ಮನೆಯಲ್ಲಿದೆ. ನನ್ನ ಹೆಂಡತಿ ಅದರಲ್ಲಿ ನೆರಳಿರುವ ಹಿತ್ತಲಿನ ಹಾಗಲಬಳ್ಳಿಗೆ ಚಪ್ಪರ ಕಟ್ಟಿದ್ದಾಳೆ. ಒಂದು ಎಳೆಯೂ ಕಡಿದಿಲ್ಲ.

ನಮಸ್ಕಾರ.