ಗಾಡಿ ಸದ್ದಿನಲ್ಲೇ ಗೊತ್ತಾಗುತ್ತದೆ

ವಿಡಿಯೋ ಸ್ವಲ್ಪ ಕತ್ತಲೆ ಕತ್ತಲೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಬೆಳಗಿನ ಐದೂವರೆ ಇದು. ಆ ಮಂಜಿನ ಹಿಂದೆ ಇರುವುದು ಹೇಮಾವತಿ ಹಿನ್ನೀರು. ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚ್ ನೋಡಿರುತ್ತೀರಲ್ಲ, ಅದೇ ನೀರು.

ಹೋದ ತಿಂಗಳು ಮದುವೆಮನೆಯಲ್ಲಿ ಒಬ್ಬರು ಕೇಳಿದರು, "ನಿಮ್ಮ ಯಜಮಾನರು ಮೀನು ಹಿಡಿಯುತ್ತಾರಾ? ಹಾಸನದಲ್ಲಿ ಸಮುದ್ರ ಎಲ್ಲಿದೆಯಮ್ಮಾ?" ಅಂತ. ಮೀನು ಅಂದರೆ ಮಲ್ಪೆ, ಮಂಗಳೂರು ಅಂತಲೇ ಎಲ್ಲರ ತಲೆಯಲ್ಲಿ. ಈ ಹೇಮಾವತಿಗೆ ಕಟ್ಟಿರುವ ಗೊರೂರು ಅಣೆಕಟ್ಟೆ ತುಂಬಿದರೆ 37 ಟಿಎಂಸಿ ನೀರು, ಅದರಲ್ಲಿ ಮೀನು ಇರಲ್ವಾ?

ನಮ್ಮ ಮನೆಯವರು ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ಬರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎತ್ತುವುದಕ್ಕೆ ಹೋಗುತ್ತಾರೆ. ಹೊರಡುವಾಗ ಎಲ್ಲಿಗೆ ಅಂತ ಕೇಳಬಾರದು ಅಂತ ಅತ್ತೆ ಮದುವೆಯಾದ ವಾರದಲ್ಲೇ ಹೇಳಿಕೊಟ್ಟಿದ್ದರು. ಬಂದಾಗ ಎಷ್ಟು ಸಿಕ್ಕಿತು ಅಂತ ಕೇಳಬಾರದು ಅನ್ನುವುದನ್ನು ನಾನೇ ಕಲಿತೆ. ಒಂದೆರಡು ಸಲ ಕೇಳಿ, ಅವರ ಮುಖ ನೋಡಿ ಸುಮ್ಮನಾದೆ. ಈಗ ಕೇಳಬೇಕಾಗಿಯೂ ಇಲ್ಲ. ಟಿವಿಎಸ್ ಗಾಡಿ ಏರು ಹತ್ತುವಾಗ ಉಸಿರು ಕಟ್ಟಿದ ಹಾಗೆ ಗೊರಗೊರ ಅಂದರೆ ಹಿಂದಿನ ಥರ್ಮಾಕೋಲ್ ಪೆಟ್ಟಿಗೆ ತುಂಬಿದೆ. ಸಲೀಸಾಗಿ ಹತ್ತಿ ಬಂದು ಪೆಟ್ಟಿಗೆ ಮುಚ್ಚಳ ಟಪಟಪ ಅಂದರೆ ನಾನು ಸುಮ್ಮನೆ ಕಾಫಿಗೆ ಇಡುತ್ತೇನೆ, ಸಕ್ಕರೆ ಒಂದು ಚಮಚ ಜಾಸ್ತಿ.

ಇದು ಬಲೆ. ಹತ್ತಿರದಿಂದ ತೋರಿಸುತ್ತೇನೆ, ಇಲ್ಲಿ ನೋಡಿ, ಎರಡು ಮೊಳ ಹರಿದಿದೆ. ಬಲೆಯ ಈ ಕಣ್ಣಿಗೆ ನನ್ನ ಮೂರು ಬೆರಳು ಸರಿಯಾಗಿ ಹಿಡಿಯಬೇಕು, ಅದೇ ಅಳತೆ. ಚಿಕ್ಕದಾದರೆ ಮರಿಗಳೂ ಸಿಕ್ಕಿಕೊಳ್ಳುತ್ತವೆ, ಆಮೇಲೆ ಬರುವ ವರ್ಷ ನಾವೇ ಬಾಯಿ ಬಡಿದುಕೊಳ್ಳಬೇಕು. ಹರಿಯುವುದು ಮೀನಿನಿಂದ ಅಲ್ಲ, ನೀರಿನ ಅಡಿಯಲ್ಲಿರುವ ಮರದ ಬೊಡ್ಡೆಗಳಿಂದ. 1979ರಲ್ಲಿ ಅಣೆಕಟ್ಟೆ ಆದಾಗ ಊರು, ತೋಟ ಎಲ್ಲ ಒಳಗೆ ಹೋಯಿತಲ್ಲ, ಅತ್ತೆಯ ತವರುಮನೆಯೂ ಅದರಲ್ಲೇ ಇದೆ. ಬಲೆ ಹರಿದುಕೊಂಡು ಬಂದಾಗಲೆಲ್ಲ ಅತ್ತೆ ಮಗನನ್ನು ಕೇಳುತ್ತಾರೆ, "ಯಾವ ಕಡೆ ಸಿಕ್ಕಿಕೊಂಡಿತೋ?" ಇವರು ಕೈ ತೋರಿಸಿದರೆ, "ಹಂಗಾರೆ ಅದು ನಮ್ಮ ಹುಣಸೆ ಮರವೇ" ಅನ್ನುತ್ತಾರೆ. ಎಷ್ಟು ಹುಣಸೆ ಮರ ಇತ್ತೋ ಆ ತಾಯಿಗೆ, ನನಗಂತೂ ಲೆಕ್ಕ ಸಿಕ್ಕಿಲ್ಲ.

ಜೂನ್, ಜುಲೈನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ಇಲ್ಲಿಗೆ ಕೆಂಪು ನೀರು ಬರುತ್ತದೆ, ದಿಮ್ಮಿ, ಕಸ, ಪ್ಲಾಸ್ಟಿಕ್ ಎಲ್ಲ ತೇಲಿಸಿಕೊಂಡು. ಬಲೆ ಎತ್ತಿದರೆ ಮೀನಿಗಿಂತ ಕಸವೇ ಜಾಸ್ತಿ. ಆಗ ಮನೆಯಲ್ಲಿ ಬಲೆ ರಿಪೇರಿ, ಜಗಳ, ಮತ್ತೆ ಬಲೆ ರಿಪೇರಿ.

ಜಗಳ ಅಂದೆನಲ್ಲ, ಅದು ಹೆಚ್ಚಾಗಿ ದುಡ್ಡಿನದು. ನಮ್ಮ ಮೀನು ತೆಗೆದುಕೊಳ್ಳುವವರೊಬ್ಬರಿದ್ದಾರೆ, ಹೆಸರು ಬೇಡ. ಬಲೆ ತರಲು ಅವರ ಹತ್ತಿರವೇ ಮುಂಗಡ ಇಸಿದುಕೊಂಡಿದ್ದೆವು, ಹಾಗಾಗಿ ಅವರಿಗೇ ಹಾಕಬೇಕು, ಅವರು ಹೇಳಿದ್ದೇ ರೇಟು. ನೀರಿನ ತೂಕ ಅಂತ ಹತ್ತು ಕೆ.ಜಿ.ಗೆ ಒಂದು ಕೆ.ಜಿ. ಕಳೆಯುತ್ತಾರೆ. ಮೀನು ನೀರಿನಿಂದ ಬರದೆ ಒಲೆಯಿಂದ ಬರುತ್ತದಾ? ನಮ್ಮ ಮನೆಯವರು ಒಂದು ಮಾತು ಆಡುವುದಿಲ್ಲ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ನಾನೇ ದಿನದ ತೂಕ, ಕೊಟ್ಟ ದುಡ್ಡು, ಉಳಿದ ಸಾಲ ಬರೆಯಲು ಶುರು ಮಾಡಿದೆ. ಮೂರು ತಿಂಗಳಾದ ಮೇಲೆ ನೋಟ್‌ಬುಕ್ ಹಿಡಿದುಕೊಂಡೇ ಹೋಗಿ ಎದುರಿಗೆ ಕೂತೆ. ಆ ಕಡಿತ ಅರ್ಧ ಕೆ.ಜಿ.ಗೆ ಇಳಿಯಿತು. ಪೂರ್ತಿ ಹೋಗಿಲ್ಲ, ನೋಟ್‌ಬುಕ್ ಇನ್ನೂ ಖಾಲಿಯಾಗಿಲ್ಲ.

ಮಾರಿ ಉಳಿದ ಜಿಲೇಬಿ ಮೀನು ನಮಗೆ. ದೊಡ್ಡ ಕಾಟ್ಲಾ ನಮ್ಮ ತಟ್ಟೆಗೆ ಬರುವುದು ಹಬ್ಬ ಬಂದ ಹಾಗೆ. ಬೂದಿ, ಕಲ್ಲುಪ್ಪು ಹಾಕಿ ಕಲ್ಲಿನ ಮೇಲೆ ಉಜ್ಜಿದರೆ ಲೋಳೆ ಹೋಗುತ್ತದೆ. ಸಾರಿಗೆ ಹುಳಿ ಸ್ವಲ್ಪ ಮುಂದಿರಬೇಕು, ರಾತ್ರಿ ಮಾಡಿದ್ದನ್ನು ಮಾರನೇ ದಿನ ಬಿಸಿ ಮುದ್ದೆಗೆ ಹಾಕಿಕೊಂಡು ತಿನ್ನಬೇಕು. ಸ್ಕೂಲಿನಲ್ಲಿ ಯಾರೋ "ಮೀನು ವಾಸನೆ" ಅಂದರು ಅಂತ ಮಗಳು ಒಂದು ವಾರ ಮುಟ್ಟಲಿಲ್ಲ. ಎಂಟನೇ ದಿನ ಅವಳೇ ಪಾತ್ರೆ ಬಳಿದಳು.

ಭಯ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಗಾಳಿ ಎದ್ದ ದಿನ ಆಗುತ್ತದೆ. ಜಗಳ ಮಾಡಿ ಒಂದು ಲೈಫ್ ಜಾಕೆಟ್ ತರಿಸಿದ್ದೇನೆ. ದಿನಾ ತಪ್ಪದೆ ತೆಗೆದುಕೊಂಡು ಹೋಗುತ್ತಾರೆ, ನಾನೂ ಖುಷಿಯಲ್ಲಿದ್ದೆ. ಮೊನ್ನೆ ಈ ವಿಡಿಯೋಗೆ ಅಂತ ದಡಕ್ಕೆ ಹೋದಾಗಲೇ ಗೊತ್ತಾಗಿದ್ದು, ಅದನ್ನು ಮಡಚಿ ತೆಪ್ಪದಲ್ಲಿ ಕೂರುವುದಕ್ಕೆ ಹಾಕಿಕೊಂಡಿದ್ದಾರೆ. "ತಳ ಒದ್ದೆಯಾಗುತ್ತೆ ಕಣೇ" ಅಂತೆ.

ಇರಿ, ಸದ್ದು ಕೇಳಿಸಿತಾ? ಏರು ಹತ್ತುತ್ತಿದೆ. ಗೊರಗೊರ ಅಂತಿದೆ. ತಕ್ಕಡಿ ತೆಗೆಯಬೇಕು, ಬರುತ್ತೇನೆ.