ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಎಡಗೈಯಲ್ಲಿ ಗಿಯರ್ ತಿರುಗಿಸುವ ಹಳೆಯ ಸ್ಕೂಟರ್ ನಿಮ್ಮ ಹತ್ತಿರ ಇದೆಯಾ? ಇದ್ದರೆ ಈ ಅನುಭವ ನಿಮಗೂ ಆಗಿರಬಹುದು. ಏರು ರಸ್ತೆ. ಟಾಪ್ ಗಿಯರ್. ಆಕ್ಸಿಲರೇಟರ್ ತಿರುಗಿಸುತ್ತೀರಿ. ಎಂಜಿನ್ ಜೋರಾಗಿ ಕೂಗುತ್ತದೆ. ಗಾಡಿ ಮಾತ್ರ ಇದ್ದ ವೇಗದಲ್ಲೇ ತೆವಳುತ್ತದೆ.

ಎಂಜಿನ್ನಿನ ಬಲವನ್ನು ಗಿಯರಿಗೆ ದಾಟಿಸುವ ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಹಿಡಿಯದೆ ಜಾರುತ್ತಿದೆ. ಕೂಡಲೇ ನೋಡಿದವರೆಲ್ಲ ಹೇಳುವುದು ಒಂದೇ ಮಾತು, "ಪ್ಲೇಟ್ ಹೋಗಿದೆ, ಬದಲಾಯಿಸಿ." ದಯವಿಟ್ಟು ಸ್ವಲ್ಪ ತಡೆಯಿರಿ. ಪ್ಲೇಟಿಗೆ ಕೈ ಹಾಕುವುದು ಕೊನೆಯ ಕೆಲಸ. ಮೊದಲು ಕೇಬಲ್, ಆಮೇಲೆ ಆಯಿಲ್, ಆಮೇಲೆ ಪ್ಲೇಟ್. ಈ ಸಾಲನ್ನು ತಪ್ಪಿಸಿ ನಾನು ಒಮ್ಮೆ ನಷ್ಟ ಮಾಡಿಕೊಂಡಿದ್ದೇನೆ. ಅದನ್ನೂ ಹೇಳುತ್ತೇನೆ.

ನಾನು ವೆಸ್ಪಾ ಜಾತಿಯ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ಇಟಲಿಯ ಪಿಯಾಜಿಯೋ ಕಂಪನಿ 1946ರಲ್ಲಿ ಮೊದಲ ವೆಸ್ಪಾ ತಂದಿತು. ಅಲ್ಲಿಂದ ಬಹಳ ಆಮೇಲೆ ಬಂದ ಪಿಎಕ್ಸ್ ಅನ್ನುವ ವೆಸ್ಪಾ ಮಾದರಿಯ ತನಕ ಕ್ಲಚ್ಚಿನ ಮೂಲ ಏರ್ಪಾಡು ಹೆಚ್ಚು ಬದಲಾಗಲಿಲ್ಲ. ಕ್ರ್ಯಾಂಕಿನ, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ದಂಡದ, ತುದಿಯಲ್ಲೇ ಒಂದು ಚಿಕ್ಕ ಬುಟ್ಟಿ. ಅದರೊಳಗೆ ಒಂದು ಕಾರ್ಕ್ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಮತ್ತೊಂದು ಕಾರ್ಕ್, ಹೀಗೆ ಒಂದರ ಮೇಲೊಂದು. ಮಾದರಿಗೆ ತಕ್ಕಂತೆ ಆರೋ ಏಳೋ ಎಂಟೋ ಸ್ಪ್ರಿಂಗ್‌ಗಳು ಇವನ್ನೆಲ್ಲ ಒತ್ತಿ ಹಿಡಿದಿರುತ್ತವೆ. ಇಡೀ ಕ್ಲಚ್ಚು ಗಿಯರ್ ಆಯಿಲಿನಲ್ಲಿ ನೆನೆಯುತ್ತಲೇ ತಿರುಗುತ್ತದೆ. ಒತ್ತಡ ಕಡಿಮೆಯಾದರೆ ಜಾರುತ್ತದೆ. ಹಿಡಿತ ಕಡಿಮೆಯಾದರೂ ಜಾರುತ್ತದೆ. ಅಷ್ಟೇ.

ಆದರೆ ಜಾರುತ್ತಿರುವುದು ಕ್ಲಚ್ಚೇ ಹೌದಾ? ಅದನ್ನು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಕಿವಿ ಕೊಟ್ಟು ಕೇಳಿ. ಕ್ಲಚ್ ಜಾರುವಾಗ ಎಂಜಿನ್ ಸದ್ದು ನುಣ್ಣಗೆ ಮೇಲಕ್ಕೆ ಏರುತ್ತದೆ. ಅದರ ಬದಲು ಕಟಕ್ ಅಂತ ಬಿಟ್ಟು, ಮತ್ತೆ ಎಳೆತದೊಂದಿಗೆ ಹಿಡಿದರೆ, ಅದು ಗಿಯರ್ ಹಾರುವ ರೋಗ. ಗಿಯರ್‌ಗಳನ್ನು ಹಿಡಿಯುವ ಒಳಗಿನ ಕ್ರಾಸ್ ಸವೆದಿರುತ್ತದೆ. ಇನ್ನು ಕಿಕ್ ಚೆನ್ನಾಗಿ ಹಿಡಿಯುತ್ತದೆ, ಎಂಜಿನ್ ಚೆನ್ನಾಗಿ ನಡೆಯುತ್ತದೆ, ಗಾಡಿ ಮಾತ್ರ ಒಂದಡಿಯೂ ಹೋಗುವುದಿಲ್ಲ ಅಂದರೆ? ಹಿಂದಿನ ಚಕ್ರದ ನಡುವಿನ ದೊಡ್ಡ ನಟ್ ನೋಡಿ. ಅದು ಸಡಿಲವಾಗಿ ಡ್ರಮ್ಮಿನ ಹಲ್ಲುಗಳು ಸವೆದಿರಬಹುದು.

ಕಿಕ್ ಬಗ್ಗೆ ಹೇಳಿದೆನಲ್ಲ, ಅದು ಬಹಳ ಒಳ್ಳೆಯ ಸುಳಿವು. ಈ ಗಾಡಿಗಳಲ್ಲಿ ಕಿಕ್ಕಿನ ಬಲ ಕ್ಲಚ್ಚಿನ ಮೂಲಕವೇ ಕ್ರ್ಯಾಂಕಿಗೆ ಹೋಗುತ್ತದೆ. ಕ್ಲಚ್ ಹಿಡಿದುಕೊಂಡು ಕಿಕ್ ಹೊಡೆದರೆ ಕಾಲು ಸುಮ್ನೆ ಕೆಳಗಿಳಿಯುತ್ತದೆ, ಎಂಜಿನ್ ತಿರುಗುವುದಿಲ್ಲ. ಈಗ ಕ್ಲಚ್ ಬಿಟ್ಟು, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಕಿಕ್ ಒತ್ತಿ. ಕಂಪ್ರೆಷನ್, ಅಂದರೆ ಎಂಜಿನ್ ಒಳಗಿನ ಗಾಳಿಯ ಎದುರೊತ್ತಡ, ಕಾಲಿಗೆ ತಾಗಬೇಕು. ತಾಗದೆ ಕಾಲು ಮೆತ್ತಗೆ ಜಾರಿದರೆ ಅನುಮಾನ ಗಟ್ಟಿಯಾಯಿತು. ಎಂಜಿನ್ ನಿಲ್ಲಿಸಿ, ಟಾಪ್ ಗಿಯರ್‌ಗೆ ಹಾಕಿ, ಕ್ಲಚ್ ಮುಟ್ಟದೆ ಗಾಡಿಯನ್ನು ಮುಂದಕ್ಕೆ ತಳ್ಳಿಯೂ ನೋಡಬಹುದು. ಎಂಜಿನ್ ತಿರುಗದೆ ಗಾಡಿ ಸಲೀಸಾಗಿ ಉರುಳಿತು ಅಂದರೆ ಕ್ಲಚ್ ಚೆನ್ನಾಗಿಯೇ ಸೋತಿದೆ.

ಈಗ ಕೇಬಲ್. ಕ್ಲಚ್ ಲಿವರ್ ತುದಿಯನ್ನು ಒಂದೇ ಬೆರಳಿನಿಂದ ಎಳೆಯಿರಿ. ಭಾರ ತಾಗುವ ಮೊದಲು ಸುಮಾರು 2 ಮಿಲಿಮೀಟರ್ ಖಾಲಿ ಆಟ ಇರಬೇಕು. ಇದನ್ನೇ ಪ್ಲೇ ಅನ್ನುತ್ತೇವೆ. ಕಾರ್ಕ್ ಸವೆದಷ್ಟೂ ಈ ಪ್ಲೇ ಕಡಿಮೆಯಾಗುತ್ತದೆ. ಅದು ಪೂರ್ತಿ ಹೋದ ಮೇಲೆ, ಯಾರೋ ಸದಾ ಲಿವರ್ ಮೇಲೆ ಬೆರಳಿಟ್ಟುಕೊಂಡೇ ಓಡಿಸಿದ ಹಾಗೆ. ಸ್ಪ್ರಿಂಗಿನ ಒತ್ತಡ ಪೂರ್ತಿ ಪ್ಲೇಟಿಗೆ ಸಿಗುವುದಿಲ್ಲ. ಇವತ್ತು ಸ್ವಲ್ಪ ಜಾರುತ್ತದೆ, ಕಾಯುತ್ತದೆ, ಇನ್ನಷ್ಟು ಸವೆಯುತ್ತದೆ, ನಾಳೆ ಜಾಸ್ತಿ ಜಾರುತ್ತದೆ.

ಅನುಮಾನವಿದ್ದರೆ ಎಂಜಿನ್ ಕೆಳಗೆ, ಕ್ಲಚ್ ತೋಳಿನ ಹತ್ತಿರ ಕೇಬಲನ್ನು ಪೂರ್ತಿ ಸಡಿಲ ಮಾಡಿ. ಮತ್ತೆ ಕಿಕ್ ಒತ್ತಿ. ಈಗ ಗಟ್ಟಿಯಾಗಿ ಹಿಡಿದರೆ ದೋಷ ಕೇಬಲಿನದು, ಕ್ಲಚ್ಚಿನದಲ್ಲ. ಒಳಗಿನ ತಂತಿ ತುಕ್ಕು ಹಿಡಿದು, ಎಳೆದ ಮೇಲೆ ವಾಪಸ್ ಬರದೆ ನಿಂತಿರಬಹುದು. ಹ್ಯಾಂಡಲಿನ ಒಳಗೆ ಮಡಚಿಕೊಂಡಿರಬಹುದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಪ್ಲೇ ನೋಡಿ. ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಬಿಗಿಯಾಗುವ ಕೇಬಲುಗಳಿವೆ.

ಕೇಬಲ್ ಸರಿಯಿದ್ದರೆ ಆಯಿಲ್. ನಾನು ಹೇಳುತ್ತೇನೆ ಅಂದ ಕಥೆ ಇಲ್ಲಿದೆ. ಹಳೆಯ ಗಾಡಿಯೊಂದಕ್ಕೆ ಹೊಸ ಕಾರ್ಕ್ ಪ್ಲೇಟ್, ಹೊಸ ಸ್ಪ್ರಿಂಗ್ ಹಾಕಿದ್ದೆ. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಜಾರತೊಡಗಿತು. ಪುನಃ ಬಿಚ್ಚಿದೆ. ಪ್ಲೇಟಿನಲ್ಲಿ ಏನೂ ದೋಷವಿಲ್ಲ. ಆಗ ಹೊಳೆಯಿತು, ಕೈಗೆ ಸಿಕ್ಕ ಡಬ್ಬಿಯಿಂದ ಕಾರಿನ ಎಂಜಿನ್ ಆಯಿಲ್ ಸುರಿದಿದ್ದೆ. ಈಗಿನ ಕಾರಿನ ಆಯಿಲುಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಪದಾರ್ಥ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು, ಇಂಧನ ಉಳಿಯುತ್ತದೆ. ಆದರೆ ನಮ್ಮ ಕ್ಲಚ್ ಬದುಕುವುದೇ ಘರ್ಷಣೆಯಿಂದ, ಅಲ್ವಾ? ಆ ಆಯಿಲ್ ಇಳಿಸಿ, ಸರಿಯಾದದ್ದು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ಹೊಸದು ತುಂಬಿದೆ. ಆಮೇಲೆ ಕ್ಲಚ್ ಹಿಡಿಯಿತು.

ಪಿಎಕ್ಸ್‌ಗೆ ಬೇಕಾದದ್ದು ಎಸ್‌ಎಇ 30 ಅನ್ನುವ ದಪ್ಪದ ಆಯಿಲ್, ಸುಮಾರು 250 ಮಿಲಿಲೀಟರ್. ಲ್ಯಾಂಬ್ರೆಟ್ಟಾ ಸ್ಕೂಟರ್ ಇರುವವರು ಈ ಅಂಕಿಗಳನ್ನು ಬರೆದುಕೊಳ್ಳಬೇಡಿ. ಅದರಲ್ಲೂ ಕಾರ್ಕ್ ಕ್ಲಚ್ಚೇ ಇದ್ದರೂ ಚೈನ್, ಕೇಸು ಎಲ್ಲ ಬೇರೆ. ಆಯಿಲೂ ಬೇರೆ.

ಇಳಿಸಿದ ಆಯಿಲನ್ನು ಸುಮ್ನೆ ಚೆಲ್ಲಬೇಡಿ. ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು ನೀರಿನ ಹಾಗೆ ತೆಳ್ಳಗಿದ್ದರೆ ಪೆಟ್ರೋಲ್, ಗಿಯರ್ ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಆಯಿಲ್ ಮಟ್ಟ ಇಳಿಯುತ್ತಾ, ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತಿದ್ದರೂ ಅದೇ ಸೀಲಿನ ಮೇಲೆ ಅನುಮಾನ. ಪಿಎಕ್ಸ್‌ನಲ್ಲಿ ಅದನ್ನು ಬದಲಾಯಿಸಲು ಎಂಜಿನ್ ಎರಡು ಹೋಳು ಮಾಡಲೇಬೇಕು. ಬರೀ ಪ್ಲೇಟ್ ಹಾಕಿ ಮುಚ್ಚಿದರೆ ಏನೂ ಪ್ರಯೋಜನವಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಜಾರುತ್ತಿದ್ದರೆ, ಈಗ ಬಿಚ್ಚೋಣ. ಆಯಿಲ್ ಇಳಿಸಿ, ಹಿಂದಿನ ಚಕ್ರ ತೆಗೆದು, ಕ್ಲಚ್ ಕವರ್ ಬಿಚ್ಚಿ. ನಡುವೆ ಕೋಟೆಗೋಡೆಯಂತೆ ಕಚ್ಚು ಕಚ್ಚಾದ ನಟ್ ಕಾಣುತ್ತದೆ. ಅದನ್ನು ಲಾಕ್ ವಾಷರ್ ಹಿಡಿದಿರುತ್ತದೆ. ವಾಷರಿನ ಮಡಿಕೆ ಬಿಡಿಸಿ, ನಾಲ್ಕು ಹಲ್ಲಿನ ಟೂಲ್ ಹಾಕಿಯೇ ನಟ್ ತಿರುಗಿಸಿ. ಉಳಿ, ಸುತ್ತಿಗೆ ತರಲೇಬೇಡಿ. ಚೂರು ಹಾರಿ ಗಿಯರ್ ಬಾಕ್ಸ್ ಒಳಗೆ ಬೀಳುತ್ತದೆ. ಕೆಳಗಿನ ಸಂದಿಗೆ ಶುಭ್ರವಾದ ಬಟ್ಟೆ ತುರುಕಿ. ಕ್ರ್ಯಾಂಕಿನ ಮೇಲಿನ ಅರ್ಧಚಂದ್ರಾಕಾರದ ಪುಟ್ಟ ಕೀ ಬೀಳುವುದು ಅದೇ ಸಂದಿಗೆ! ಆ ಕೀ ತುಂಡಾಗಿದ್ದರೆ ಇಡೀ ಕ್ಲಚ್ಚೇ ಕ್ರ್ಯಾಂಕಿನ ಮೇಲೆ ತಿರುಗುತ್ತಿರುತ್ತದೆ. ಅದನ್ನೂ ಜನ ಪ್ಲೇಟ್ ಸ್ಲಿಪ್ ಅಂದುಕೊಳ್ಳುತ್ತಾರೆ.

ಕ್ಲಚ್ ಬಿಚ್ಚುವಾಗ ಸ್ಪ್ರಿಂಗ್ ಒತ್ತಿ ಹಿಡಿಯುವ ಟೂಲ್ ಬೇಕು. ಒಂದು ಉದ್ದನೆಯ ಬೋಲ್ಟು, ದಪ್ಪ ವಾಷರ್, ನಟ್ ಇದ್ದರೂ ನಡೆಯುತ್ತದೆ. ಕಣ್ಣಿನ ಮೇಲೆ ಕನ್ನಡಕ ಇರಲಿ. ಪ್ಲೇಟುಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿಟ್ಟು ಫೋಟೋ ತೆಗೆದುಕೊಳ್ಳಿ. ಕಾರ್ಕ್ ಕರ್ರಗೆ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಂಚು ಉದುರಿದ್ದರೆ, ಬದಲಾಯಿಸಿ. ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲೆ ಮಲಗಿಸಿ. ಅಲುಗಾಡಿದರೆ ಅದು ಬಾಗಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ವಿಪರೀತ ಕಾದಿದೆ. ಎರಡನ್ನೂ ಉಳಿಸಿಕೊಳ್ಳಬೇಡಿ. ಸ್ಪ್ರಿಂಗ್‌ಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಹೋಲಿಸಿ. ಒಂದು ಕುಗ್ಗಿದ್ದರೂ ಪೂರ್ತಿ ಸೆಟ್ ಬದಲಾಯಿಸಿ. ಬಿಗಿ ಜಾಸ್ತಿ ಇರುವ ಸ್ಪ್ರಿಂಗ್ ಹಾಕುವ ಆಸೆ ಹಲವರಿಗೆ. ಎಂಜಿನ್ ಮೂಲದಲ್ಲಿ ಹೇಗಿತ್ತೋ ಹಾಗೇ ಇದ್ದರೆ ಅದು ಬೇಡ. ಲಿವರ್ ಭಾರವಾಗುತ್ತದೆ, ಕೇಬಲ್ ಬೇಗ ತುಂಡಾಗುತ್ತದೆ.

ಹೊಸ ಕಾರ್ಕ್ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕಬೇಡಿ. ಮುಂದೆ ತುಂಬುವ ಅದೇ ಆಯಿಲಿನಲ್ಲಿ ಒಂದು ರಾತ್ರಿ ನೆನೆಸಿ. ಒಣ ಕಾರ್ಕ್ ಮೊದಲ ಏರಿನಲ್ಲೇ ಸುಡುತ್ತದೆ. ನೆನೆಸುವುದಕ್ಕೆ ಬೇಕಾದದ್ದು ತಾಳ್ಮೆ ಮಾತ್ರ. ಆದರೂ ಅವಸರದಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ. ಜೋಡಿಸುವಾಗ ಹೊಸ ಲಾಕ್ ವಾಷರ್ ಹಾಕಿ, ನಟ್ ಬಿಗಿ ಮಾಡಿದ ಮೇಲೆ ಅದರ ಮಡಿಕೆಯನ್ನು ನಟ್ಟಿನ ಕಚ್ಚಿಗೆ ಸರಿಯಾಗಿ ಬಗ್ಗಿಸಿ.

ಆಯಿಲ್ ತುಂಬಿ, ಪ್ಲೇ ಹೊಂದಿಸಿ, ಮೊದಲ ಕೆಲವು ದಿನ ಮೆತ್ತಗೆ ಓಡಿಸಿ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಾಕಿ. ಹೊಸ ಕಾರ್ಕ್ ಕೂತುಕೊಳ್ಳುವಾಗ ಪ್ಲೇ ಮತ್ತೆ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಸುಮಾರು 100 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಲಿವರ್ ಎಳೆದು ನೋಡಿ. ಆ 2 ಮಿಲಿಮೀಟರ್ ಇಲ್ಲದಿದ್ದರೆ ಕೇಬಲಿನ ಬಿಗಿ ಹೊಂದಿಸುವ ಅಡ್ಜಸ್ಟರನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ.

ನಮಸ್ಕಾರ.